ಆಕಾಶ ಕಾಯುವವರು

ಆಶ್‌ಗ್ರೋವ್, ಓಹಾಯೊ
29 ಜುಲೈ 1981

ಪ್ರಿಯ ಮಾರ್ಲಿಸ್,

ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಸಂಘದ ಕಚೇರಿಯ ಫೋನಿನಲ್ಲಿ ಈಚೆಗೆ ಏನೋ ಟಿಕ್ ಟಿಕ್ ಕೇಳಿಸುತ್ತಿದೆ. ಕಾರ್ಲೀನ್ ನಗುತ್ತಾಳೆ. "ಹದಿನೈದು ವರ್ಷ ರಾಡಾರ್ ನೋಡೀ ನೋಡೀ ನಿಂಗೆ ಎಲ್ಲಾ ಕಡೆ ಚುಕ್ಕೆನೇ ಕಾಣುತ್ತೆ" ಅನ್ನುತ್ತಾಳೆ. ಹೆಂಡತಿ ಹೇಳಿದ್ದು ಅರ್ಧ ನಿಜ.

ಮತ ಎಣಿಕೆ ಮುಗಿಯುತ್ತಾ ಬಂದಿದೆ. ಸರ್ಕಾರ ಕೊಟ್ಟ ಒಪ್ಪಂದವನ್ನು ದೇಶದ ವಿಮಾನ ನಿಯಂತ್ರಕರು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಬೇಡ ಎಂದಿದ್ದಾರೆ. ಸೋಮವಾರ, ಮೂರನೇ ತಾರೀಖು, ಬೆಳಗಿನ ಪಾಳಿಯಿಂದ ನಾವು ಯಾರೂ ಒಳಗೆ ಹೋಗುವುದಿಲ್ಲ. ವಾರಕ್ಕೆ ನಾಲ್ಕು ದಿನದ ಕೆಲಸ, ಹೊಟ್ಟೆಹುಣ್ಣು ಬರುವ ಮೊದಲೇ ನಿವೃತ್ತಿ. ನಾವು ಕೇಳಿದ್ದು ಅರಮನೆಯನ್ನಲ್ಲ.

ನೌಕರಿಗೆ ಸೇರುವಾಗ ಮುಷ್ಕರ ಮಾಡುವುದಿಲ್ಲವೆಂದು ಸಹಿ ಹಾಕಿದ್ದೇವಲ್ಲ ಎಂದು ನೀನು ಕೇಳುತ್ತೀಯ, ಗೊತ್ತು. ಆದರೆ ಚುನಾವಣೆಗೆ ಮೊದಲು ನಮ್ಮ ಸಂಘಕ್ಕೆ ಪತ್ರ ಬರೆದು ಭರವಸೆ ಕೊಟ್ಟ ಮನುಷ್ಯ ಈಗ ದೇಶದ ಅಧ್ಯಕ್ಷ. ಒಂದು ಕಾಲದಲ್ಲಿ ತಾನೇ ಕಾರ್ಮಿಕ ಸಂಘ ನಡೆಸಿದವನು. ನಾನು ಅವನಿಗೇ ಮತ ಹಾಕಿದ್ದು. ಮೂರು ದಿನ ಗುಡುಗುತ್ತಾನೆ, ನಾಲ್ಕನೇ ದಿನ ಕರೆದು ಕೂರಿಸುತ್ತಾನೆ.

ನಿಮ್ಮ ಅಯೋವಾದ ಸಣ್ಣ ನಿಲ್ದಾಣಗಳ ಬಗ್ಗೆಯೇ ಇಲ್ಲಿ ಎಲ್ಲರಿಗೂ ಅನುಮಾನ. ನನ್ನ ತಂಗಿ ಅಲ್ಲಿದ್ದಾಳೆ, ಆ ಚಿಂತೆ ಬಿಡಿ ಎಂದು ಹೇಳಿಬಿಟ್ಟಿದ್ದೇನೆ. ಈ ಕೆಲಸದ ಪರೀಕ್ಷೆಗೆ ನಿನ್ನನ್ನು ಕೂರಿಸಿದವನು ನಾನು, ಆ ಹಕ್ಕಿನಿಂದಲೇ ಹೇಳಿದೆ. ಒಂದು ಸಾಲು ಬರೆ, ಸಾಕು.

ನಿನ್ನ ಎಮಿಲ್


ಹಾರ್ಲನ್ ಫೋರ್ಕ್ಸ್, ಅಯೋವಾ
1 ಆಗಸ್ಟ್ 1981

ಪ್ರಿಯ ಎಮಿಲ್,

ನಿನ್ನ ಕಾಗದ ಈಗ ಬಂತು. ಇಲ್ಲಿ ಸೆಕೆ, ಜೋಳ ಆಳೆತ್ತರ ನಿಂತಿದೆ.

ಡ್ವೇನ್ ಕೆಲಸಕ್ಕಿದ್ದ ಟ್ರಾಕ್ಟರ್ ಕಾರ್ಖಾನೆ ಮೇ ತಿಂಗಳಲ್ಲೇ ಅವನನ್ನು ಮನೆಗೆ ಕಳಿಸಿತು. ಗಂಡನ ಕೆಲಸ ಹೋದ ಸುದ್ದಿ ಆಗಲೇ ಬರೆಯಬೇಕಿತ್ತು. ಮತ್ತೆ ಕರೆಯುತ್ತಾರೆ ಅನ್ನುತ್ತಾನೆ. ಕರೆಯುವವರ ಮುಖ ಮಾತ್ರ ಕಾಣುತ್ತಿಲ್ಲ. ನಮ್ಮ ಮುಷ್ಕರದ ಸುದ್ದಿ ಕೇಳಿ ಅವನಿಗೆ ಎಲ್ಲಿಲ್ಲದ ಹುರುಪು. ಗ್ಯಾರೇಜಿನಲ್ಲಿ ಕೂತು ನನಗಾಗಿ ಫಲಕ ಬರೆಯುತ್ತಿದ್ದಾನೆ. ಅಕ್ಷರ ಸೊಟ್ಟ, ಆದರೆ ದೊಡ್ಡದು.

ಇಲ್ಲಿನ ಸಂಘದ ಮುಂದಾಳು ವರ್ಲ್ ನಿನಗೆ ಗೊತ್ತಲ್ಲ. ನಿನ್ನೆ ಊಟದ ಕೋಣೆಯಲ್ಲಿ ಎಲ್ಲರ ಮುಂದೆ ನನ್ನ ಕಡೆ ತಿರುಗಿ, "ಮೇಡಂ, ಸೋಮವಾರ ಹೊರಗೆ ನಿಂತ್ಕೋಬೇಕು. ಬಿಸಿಲಿದೆ, ಮುಖಕ್ಕೆ ಏನಾದ್ರೂ ಬಳ್ಕೊಂಡ್ ಬನ್ನಿ" ಅಂದ. ಎಲ್ಲರೂ ನಕ್ಕರು. ಏಳು ವರ್ಷದಿಂದ ನಗುತ್ತಿದ್ದಾರೆ.

ನನ್ನ ಚಿಂತೆ ಬಿಡು. ಸೋಮವಾರ ಬೆಳಗಿನ ಪಾಳಿಯ ಹೊತ್ತಿಗೆ ಗೇಟಿನ ಹತ್ತಿರ ಇರುತ್ತೇನೆ.

ಮಾರ್ಲಿಸ್


ಆಶ್‌ಗ್ರೋವ್
6 ಆಗಸ್ಟ್ 1981

ಮಾರ್ಲಿಸ್,

ಕೆಲಸಕ್ಕೆ ಮರಳಲು ಅಧ್ಯಕ್ಷರು ಕೊಟ್ಟ ನಲವತ್ತೆಂಟು ಗಂಟೆ ನಿನ್ನೆ ಹನ್ನೊಂದಕ್ಕೆ ಮುಗಿಯಿತು. ನಾವೆಲ್ಲ ಸಂಘದ ಹಾಲಿನಲ್ಲಿ ಗೋಡೆ ಗಡಿಯಾರದ ಕೆಳಗೆ ನಿಂತಿದ್ದೆವು. ಮುಳ್ಳು ಹನ್ನೊಂದು ದಾಟಿದಾಗ ಯಾರೂ ಕೂಗಲಿಲ್ಲ. ಯಾರೋ ಹಾಡು ಶುರುಮಾಡಿದರು, ಅರ್ಧಕ್ಕೆ ಬಿಟ್ಟರು. ಬೇರೊಂದು ರಾಜ್ಯದಲ್ಲಿ ನಮ್ಮವನೊಬ್ಬನನ್ನು ಕೈಗೆ, ಸೊಂಟಕ್ಕೆ ಸರಪಳಿ ಬಿಗಿದು ಕರೆದೊಯ್ದದ್ದನ್ನು ಟಿವಿಯಲ್ಲಿ ನೋಡಿದೆವು. ಕಾರ್ಲೀನ್ ಎದ್ದು ಹೋಗಿ ಟಿವಿ ಆರಿಸಿದಳು.

ನಿನ್ನ ಕಾಗದ ಮಂಗಳವಾರ ಸರಿಯಾದ ಹೊತ್ತಿಗೆ ಬಂತು. ಮಕ್ಕಳೊಂದಿಗರು ಕೆಲವರು ಒಳಗೆ ಹೋಗಿಬಿಡೋಣವೆಂದು ತೂಗಾಡುತ್ತಿದ್ದರು. ನಾನು ಮೇಜಿನ ಮೇಲೆ ಹತ್ತಿ ನಿಂತು ಹೇಳಿದೆ: "ನನ್ನ ತಂಗಿ ಗಂಡನಿಗೆ ಕೆಲಸ ಇಲ್ಲ. ಇಡೀ ಕಂಟ್ರೋಲ್ ಟವರ್‌ನಲ್ಲಿ ಒಬ್ಳೇ ಹೆಂಗಸು. ಅವಳು ಗೇಟಲ್ಲಿ ನಿಂತಿದಾಳೆ. ನಿಮಗೇನಾಗಿದೆ?" ಇಬ್ಬರು ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಮತ್ತೆ ಕೂತರು.

ಇಂದು ವಜಾ ಆದೇಶಗಳು ಹೊರಡುತ್ತಿವೆಯಂತೆ. ನಿನಗೂ ಬಂದರೆ ಹರಿಯಬೇಡ, ಚೌಕಟ್ಟು ಹಾಕಿಸೋಣ. ನಮ್ಮನ್ನು ಬಿಟ್ಟು ವಿಮಾನ ಹಾರಿಸುವುದು ಅವರಿಂದಾಗದು. ಬೇಗ ಬರೆ.

ಎಮಿಲ್


ಆಶ್‌ಗ್ರೋವ್
22 ಆಗಸ್ಟ್ 1981

ಮಾರ್ಲಿಸ್,

ನಿಮ್ಮ ಟವರ್‌ನಿಂದ ವಜಾ ಆದವರ ಪಟ್ಟಿ ನಮಗೆ ಬಂದಿದೆ. ನಿನ್ನ ಹೆಸರಿಲ್ಲ. ಟೈಪ್ ಮಾಡಿದವರ ತಪ್ಪು ಎಂದುಕೊಂಡು ವರ್ಲ್‌ಗೆ ಫೋನ್ ಮಾಡಿದೆ. ಅವನು, "ನಿಂಗೆ ಹೇಳಿಲ್ವಾ ಅವ್ಳು?" ಅಂದ.

ಆ ಇಬ್ಬರು ಕೀಲಿ ಜೇಬಿಗೆ ಹಾಕಿಕೊಂಡವರಲ್ಲಿ ಒಬ್ಬನಿಗೆ ಮೂರು ಮಕ್ಕಳು. ನಿನ್ನೆ ಅವನ ಮನೆಗೆ ಹೋಗಿದ್ದೆ. ನಿನ್ನ ವಿಷಯ ಹೇಳಲು ಹೋದವನು ಹೇಳದೆ ವಾಪಸು ಬಂದೆ.

ಎಮಿಲ್


ಹಾರ್ಲನ್ ಫೋರ್ಕ್ಸ್
2 ಸೆಪ್ಟೆಂಬರ್ 1981

ಎಮಿಲ್,

ನಾನು ಸುಳ್ಳು ಬರೆಯಲಿಲ್ಲ. ಗೇಟಿನ ಹತ್ತಿರ ಇರುತ್ತೇನೆ ಎಂದು ಬರೆದೆ, ಇದ್ದೆ. ಆದರೆ ನೀನು ಹೇಗೆ ಓದಿಕೊಳ್ಳುತ್ತೀಯ ಎಂಬುದು ನನಗೆ ಗೊತ್ತಿತ್ತು. ಅದು ಸುಳ್ಳಿಗಿಂತ ಕಡೆ.

ಕಾರಿನಲ್ಲಿ ಫಲಕ ಇತ್ತು. ಇಳಿದವಳು ಹಿಂದಿನ ಬಾಗಿಲು ತೆಗೆಯಲೇ ಇಲ್ಲ. ವರ್ಲ್ ದಾರಿ ಬಿಟ್ಟು ಪಕ್ಕಕ್ಕೆ ಸರಿದ. "ಹೋಗಿ ಮೇಡಂ, ನಿಮ್ಮಂಥೋರಿಗೆ ಒಳಗೇ ಸರಿ" ಅಂದ. ಯಾರೂ ಅಡ್ಡ ಬರಲಿಲ್ಲ. ಒಬ್ಬರಾದರೂ ತಡೆದಿದ್ದರೆ ನಿಲ್ಲುತ್ತಿದ್ದೆನೇನೋ.

ಡ್ವೇನ್ ಕೆಲಸ ಹೋಗಿದೆ, ನನ್ನದೂ ಹೋದರೆ ಮನೆ ಹೋಗುತ್ತದೆ. ಕಾರಣ ಇಷ್ಟೇ. ಆದರೆ ಯಾರಿಗಾಗಿ ಒಳಗೆ ಹೋದೆನೋ ಅವನೇ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನಪ್ಪ, ಅಜ್ಜ ಎಲ್ಲರೂ ಸಂಘದವರು. ನೆಲಮಾಳಿಗೆಯಲ್ಲಿ ಮಲಗುತ್ತಾನೆ. ತಟ್ಟೆ ಇಟ್ಟರೆ ಉಣ್ಣುತ್ತಾನೆ, ಮುಖ ಎತ್ತುವುದಿಲ್ಲ. ಯಾರೋ ನಮ್ಮ ಕಾರಿನ ಬಾಗಿಲಿನ ಮೇಲೆ ಮೊಳೆಯಿಂದ ಒಂದು ಮಾತು ಕೆತ್ತಿದ್ದಾರೆ. ಡ್ವೇನ್ ಅದನ್ನು ಉಜ್ಜಿ ಅಳಿಸಲಿಲ್ಲ, ನಾನೂ ಅಳಿಸಲಿಲ್ಲ.

ನೀನು ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಮಾರ್ಲಿಸ್


ಹಾರ್ಲನ್ ಫೋರ್ಕ್ಸ್
14 ಫೆಬ್ರವರಿ 1982

ಎಮಿಲ್,

ಐದು ತಿಂಗಳಿಂದ ನಿನ್ನ ಕಾಗದವಿಲ್ಲ. ಆದರೂ ಇದನ್ನು ಹೇಳಿಕೊಳ್ಳಲು ನೀನಲ್ಲದೆ ನನಗೆ ಬೇರೆ ಯಾರೂ ಇಲ್ಲ.

ಉಳಿದವರು ನಾವು ಐದೇ ಜನ, ಜೊತೆಗೆ ಸೇನೆಯಿಂದ ಬಂದ ಇಬ್ಬರು. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಗಂಟೆ. ಮೊನ್ನೆ ಗುರುವಾರ ಆರನೇ ದಿನ, ಒಂಬತ್ತನೇ ಗಂಟೆ. ಹಿಮ ಬೀಳುತ್ತಿತ್ತು, ಮೋಡ ನೆಲಕ್ಕೆ ತಾಗಿತ್ತು. ಸರಕಿನ ವಿಮಾನವೊಂದನ್ನು ನಾಲ್ಕು ಸಾವಿರ ಅಡಿಯಲ್ಲಿ ಸುತ್ತು ಹಾಕುತ್ತಾ ಕಾಯಲು ಹೇಳಿದ್ದೆ. ಹತ್ತು ನಿಮಿಷದ ನಂತರ ಹತ್ತೊಂಬತ್ತು ಸೀಟಿನ ಪ್ರಯಾಣಿಕರ ವಿಮಾನ ಬಂತು. ಅದಕ್ಕೂ ನಾಲ್ಕು ಸಾವಿರಕ್ಕೆ ಇಳಿ ಎಂದೆ. ಮೊದಲನೆಯದು ನನ್ನ ತಲೆಯಿಂದ ಹೋಗಿಯೇ ಬಿಟ್ಟಿತ್ತು. ರಾಡಾರ್ ಪರದೆಯ ಮೇಲೆ ಎರಡು ಚುಕ್ಕೆ ಸೇರಿ ಒಂದಾದವು. ಎಡಕ್ಕೆ ತಿರುಗು, ಈಗಲೇ, ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಆಮೇಲೆ ಚುಕ್ಕೆ ಮತ್ತೆ ಎರಡಾದವು. ಪ್ರಯಾಣಿಕರ ವಿಮಾನದ ಪೈಲಟ್ ಮೆಲ್ಲಗೆ, "ಏನೋ ದೀಪ ಪಕ್ಕದಲ್ಲೇ ಹೋಯ್ತು, ಮೇಡಂ" ಅಂದ. ಅಷ್ಟೇ. ಅವನು ದೂರು ಕೊಡಲಿಲ್ಲ. ನಾನೂ ಹೇಳಲಿಲ್ಲ. ಪಾಳಿ ಮುಗಿಸಿ ಕಾರಿನಲ್ಲಿ ಕೂತೆ.

ಇನ್ನೊಂದು ಮಾತು. ಸೆಪ್ಟೆಂಬರಿನಲ್ಲಿ ಡ್ವೇನ್ ಹೆಸರು ಹೇಳಿದೆ, ಮನೆ ಹೆಸರು ಹೇಳಿದೆ. ಅದು ಕಾರಣವಲ್ಲ ಎಮಿಲ್. ಈ ಕೆಲಸ ನನಗೆ ಬೇಕಾಗಿತ್ತು. ಇದೊಂದೇ ಕೆಲಸ ನನಗೆ ಚೆನ್ನಾಗಿ ಬರುವುದು. ಏಳು ವರ್ಷ ನನ್ನನ್ನು ನೋಡಿ ನಕ್ಕವರಿಗಾಗಿ ಅದನ್ನು ಬಿಡಲು ಮನಸ್ಸಾಗಲಿಲ್ಲ. ಆ ಚೆನ್ನಾಗಿ ಬರುವ ಕೆಲಸದಲ್ಲೇ ಗುರುವಾರ ಎಷ್ಟೋ ಜನರನ್ನು ಕೊಲ್ಲುತ್ತಿದ್ದೆ.

ಮಾರ್ಲಿಸ್


ಆಶ್‌ಗ್ರೋವ್
19 ಫೆಬ್ರವರಿ 1982

ಮಾರ್ಲಿಸ್,

ಪ್ರತಿ ವಿಮಾನದ ವಿವರ ಬರೆದಿಟ್ಟ ಚೀಟಿಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದೆಯಾ, ಬಂದ ಹೊತ್ತಿನ ಪ್ರಕಾರವಾ? ಹೊತ್ತಿನ ಪ್ರಕಾರವಾದರೆ ಇಂದೇ ಬದಲಿಸು. ಹೊಸ ಎತ್ತರ ಕೊಡುವ ಮೊದಲು ಪ್ರತಿ ಚೀಟಿಯ ಮೇಲೂ ಬೆರಳಿಟ್ಟು ಬಾಯಿಬಿಟ್ಟು ಓದು. ನಕ್ಕರೆ ನಗಲಿ. ಪರದೆಯ ಮುಂದೆ ಎರಡು ಗಂಟೆ ದಾಟಬೇಡ. ಬಿಡುವು ಕೊಡದಿದ್ದರೆ ವಾಂತಿ ಬರುತ್ತಿದೆ ಅನ್ನು. ಅದಕ್ಕೆ ಯಾವ ಮೇಲಧಿಕಾರಿಯೂ ವಾದ ಮಾಡುವುದಿಲ್ಲ.

ಎಡಕ್ಕೆ ತಿರುಗಿಸಿದ್ದು ಸರಿ. ನಾನಿದ್ದರೂ ಎಡಕ್ಕೇ ತಿರುಗಿಸುತ್ತಿದ್ದೆ.

ಇನ್ನೊಂದು ಮಾತಿನ ಬಗ್ಗೆ ಈಗ ಬರೆಯಲಾರೆ.

ಎಮಿಲ್


ಆಶ್‌ಗ್ರೋವ್
10 ಮಾರ್ಚ್ 1982

ಮಾರ್ಲಿಸ್,

ಈ ತಿಂಗಳ ಮೂವತ್ತಕ್ಕೆ ವಾಷಿಂಗ್ಟನ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿಕೆ ಕೊಡಲು ನಮ್ಮ ಕೆಲವರನ್ನು ಕರೆದಿದ್ದಾರೆ. ನಾನೂ ಒಬ್ಬ. ನಮ್ಮನ್ನು ವಾಪಸು ತೆಗೆದುಕೊಳ್ಳುವ ಮಾತು ಇನ್ನೂ ಪೂರ್ತಿ ಸತ್ತಿಲ್ಲ. ಆದರೆ ಅಧಿಕಾರಿಗಳು ಬಂದು ಆಕಾಶ ಹಿಂದೆಂದಿಗಿಂತ ಸುರಕ್ಷಿತ ಎನ್ನುತ್ತಾರೆ, ಸಮಿತಿ ತಲೆಯಾಡಿಸುತ್ತದೆ. ನಾವು ಹೊರಗಿನವರು. ಒಳಗೆ ಏನಾಗುತ್ತಿದೆ ಎಂಬುದಕ್ಕೆ ನಮ್ಮ ಹತ್ತಿರ ಒಂದು ತುಂಡು ಕಾಗದವಿಲ್ಲ.

ನನ್ನ ಹತ್ತಿರ ಇದೆ, ನಿನ್ನ ಫೆಬ್ರವರಿಯ ಕಾಗದ. ಅದನ್ನು ಓದಲು ಅನುಮತಿ ಕೊಡು. ನಿನ್ನ ಹೆಸರು, ಊರು ಕತ್ತರಿಸಿ ತೆಗೆಯುತ್ತೇನೆ.

ಒತ್ತಾಯ ಮಾಡಬಾರದೆಂದೇ ಕೂತೆ, ಆದರೆ ಕೇಳು. ನಮ್ಮವನೊಬ್ಬ ಹೋದ ತಿಂಗಳು ಸಾಯಲು ಹೋಗಿದ್ದ. ಮಗಳು ಶಾಲೆಯಿಂದ ಬೇಗ ಬಂದದ್ದರಿಂದ ಉಳಿದ. ಕಾರಿನ ಕೀಲಿ ಜೇಬಿಗೆ ಹಾಕಿಕೊಂಡ ಅದೇ ಮನುಷ್ಯ. ನಾನು ಬೇಸ್‌ಮೆಂಟ್‌ಗಳಲ್ಲಿ ಬಾಯ್ಲರ್ ರಿಪೇರಿ ಮಾಡುತ್ತೇನೆ, ನನಗೆ ಸಾಕು. ಅವನಿಗೆ ಸಾಲದು.

ಕ್ರಿಸ್‌ಮಸ್‌ನಲ್ಲಿ ಅಧ್ಯಕ್ಷರು ಟಿವಿಯಲ್ಲಿ ಬಂದು, ಪೋಲೆಂಡಿನ ಕಾರ್ಮಿಕರಿಗಾಗಿ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಡಿ ಎಂದರಲ್ಲ. ಅಲ್ಲಿನ ಸರ್ಕಾರ ಮುಷ್ಕರ ಮಾಡಿದವರನ್ನು ಜೈಲಿಗೆ ಹಾಕಿದೆ ಎಂದು. ಕಾರ್ಲೀನ್ ಹಚ್ಚಿದಳು. ನಾನು ಊದಿ ಆರಿಸಿದೆ. ಆಮೇಲೆ ಪೋಲೆಂಡಿನವರು ಏನು ತಪ್ಪು ಮಾಡಿದರು ಅನ್ನಿಸಿ ನಾನೇ ಎದ್ದು ಮತ್ತೆ ಹಚ್ಚಿದೆ.

ಬೇಗ ಉತ್ತರ ಬರೆ.

ಎಮಿಲ್


ಹಾರ್ಲನ್ ಫೋರ್ಕ್ಸ್
22 ಮಾರ್ಚ್ 1982

ಎಮಿಲ್,

ಬೇಡ. ಹೆಸರು ಕತ್ತರಿಸಿದರೂ ಇಲ್ಲಿ ಮೂರು ಜನ ಓದಿದ ತಕ್ಷಣ ಗುರುತು ಹಿಡಿಯುತ್ತಾರೆ. ನಾನು ಅಣ್ಣನಿಗೆ ಬರೆದೆ, ಸಂಘಕ್ಕೆ ಬರೆಯಲಿಲ್ಲ. ನೀನು ಅದನ್ನು ಓದಿದರೆ ನಿನಗೆ ತಂಗಿ ಇಲ್ಲ ಅಂದುಕೊ.

ಮಾರ್ಲಿಸ್


ಹಾರ್ಲನ್ ಫೋರ್ಕ್ಸ್
9 ಏಪ್ರಿಲ್ 1982

ಎಮಿಲ್,

ಪತ್ರಿಕೆಯ ತುಣುಕು ಇಟ್ಟಿದ್ದೇನೆ. ಅಯೋವಾದ ಒಬ್ಬಳು ನಿಯಂತ್ರಕಿ, ಹಿಮ, ನಾಲ್ಕು ಸಾವಿರ ಅಡಿ, ಪಕ್ಕದಲ್ಲೇ ಹಾದುಹೋದ ದೀಪ. ನನ್ನ ಮಾತುಗಳೇ, ಒಂದೂ ಬಿಟ್ಟಿಲ್ಲ. ಹೆಸರಿಲ್ಲ, ನಿಜ. ಅಯೋವಾದಲ್ಲಿ ಈಗ ರಾಡಾರ್ ಮುಂದೆ ಕೂರುವ ಹೆಂಗಸರು ಎಷ್ಟು ಜನ ಇದ್ದಾರೆಂದು ನಿನಗೆ ಗೊತ್ತು.

ಸೋಮವಾರದಿಂದ ನನ್ನನ್ನು ಪರದೆಯಿಂದ ಎಬ್ಬಿಸಿದ್ದಾರೆ. ವಿಚಾರಣೆ ಇದೆ. ಕಡತದ ಕೋಣೆಯಲ್ಲಿ ಕೂತು ಹಳೆಯ ಚೀಟಿ ಎಣಿಸುತ್ತೇನೆ.

ಇನ್ನು ಮುಂದೆ ನನಗೆ ಬರೆಯಬೇಡ.

ಮಾರ್ಲಿಸ್


ಹಾರ್ಲನ್ ಫೋರ್ಕ್ಸ್
22 ಆಗಸ್ಟ್ 1993

ಪ್ರಿಯ ಎಮಿಲ್,

ಹನ್ನೊಂದು ವರ್ಷ. ನೀನು ಅದೇ ವಿಳಾಸದಲ್ಲಿದ್ದೀಯ ಎಂದು ಕಾರ್ಲೀನ್‌ನ ಅಕ್ಕ ಹೇಳಿದಳು. ಈ ಕಾಗದ ಓದದೆ ಒಲೆಗೆ ಹಾಕಿದರೂ ನಾನು ದೂರುವುದಿಲ್ಲ.

ಹತ್ತು ದಿನದ ಹಿಂದೆ, ವಜಾ ಆದ ನಿಮ್ಮನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬಾರದೆಂಬ ನಿಷೇಧವನ್ನು ಹೊಸ ಅಧ್ಯಕ್ಷರು ತೆಗೆದರು ಎಂಬ ಸುದ್ದಿ ಟಿವಿಯಲ್ಲಿ ಬಂತು. ನಾನು ಮತ್ತು ಡ್ವೇನ್ ಊಟಕ್ಕೆ ಕೂತಿದ್ದೆವು. ಅವನು ಫೋರ್ಕ್ ಕೆಳಗಿಟ್ಟ. ಕಾರ್ಖಾನೆ ಎಂಬತ್ತೈದರಲ್ಲಿ ಪೂರ್ತಿ ಮುಚ್ಚಿತು, ಅಂದಿನಿಂದ ಕಾಳಿನ ಲಾರಿ ಓಡಿಸುತ್ತಾನೆ, ಮಾತು ಕಡಿಮೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಪೇಪರ್‌ನವನಿಗೆ ಹೇಳಿದ್ದು ನಿಮ್ಮಣ್ಣ ಅಲ್ಲ. ನಾನು."

ಆ ಫೆಬ್ರವರಿಯ ಕಾಗದವನ್ನು ಅಂಚೆಗೆ ಹಾಕಲು ಅವನ ಕೈಗೇ ಕೊಟ್ಟಿದ್ದೆ. ಲಕೋಟೆ ಬಿಡಿಸಿ ಓದಿದ್ದಾನೆ, ಬೇಕಾದ್ದನ್ನು ಬರೆದಿಟ್ಟುಕೊಂಡು ಮತ್ತೆ ಅಂಟಿಸಿ ಹಾಕಿದ್ದಾನೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. "ನಿನ್ನ ಅಲ್ಲಿಂದ ಓಡಿಸ್ಲಿ ಅಂತ. ಓಡಿಸಿದ್ರೆ ಮನೆಗೆ ಬರ್ತೀಯ, ಮತ್ತೆ ನಮ್ಮ ಕಡೆಯವಳಾಗ್ತೀಯ ಅಂದ್ಕೊಂಡೆ" ಅಂದ. ಅವರು ಓಡಿಸಲಿಲ್ಲ. ಜನ ಸಾಲದಿದ್ದರಿಂದ ಎರಡೇ ತಿಂಗಳಿಗೆ ಮತ್ತೆ ಪರದೆಯ ಮುಂದೆ ಕೂರಿಸಿದರು.

ಆಮೇಲೆ ಅವನು ತಟ್ಟೆಯನ್ನು ತಾನೇ ತೊಳೆದಿಟ್ಟು ಲಾರಿ ಹತ್ತಿ ಹೋದ. ನಾಲ್ಕನೇ ದಿನ ಬಂದ. ನಾನು ಬಾಗಿಲು ತೆಗೆದೆ. ತೆಗೆಯಬಾರದಿತ್ತೋ ಏನೋ, ತಿಳಿಯದು.

ನೀನು ಒಂದೇ ಒಂದು ಸಾಲು ಬರೆಯಬಹುದಿತ್ತು, ಎಮಿಲ್. "ನಾನಲ್ಲ" ಎಂದು.

ಅರ್ಜಿ ನಮೂನೆ ಜೊತೆಗಿದೆ. ನಮ್ಮ ಕಚೇರಿಯಿಂದ ತಂದೆ.

ಮಾರ್ಲಿಸ್


ಆಶ್‌ಗ್ರೋವ್
6 ಸೆಪ್ಟೆಂಬರ್ 1993

ಮಾರ್ಲಿಸ್,

ಕಾಗದ ಬಂದ ದಿನ ಕಾರ್ಲೀನ್ ಅದನ್ನು ಮೇಜಿನ ಮೇಲಿಟ್ಟು ಎದುರಿಗೇ ಕೂತಳು, ನಾನು ಓದಿ ಮುಗಿಸುವವರೆಗೂ ಏಳಲಿಲ್ಲ.

ಯಾಕೆ ಬರೆಯಲಿಲ್ಲ ಅಂತ ಕೇಳಿದ್ದೀಯ. ಆ ಮೂವತ್ತನೇ ತಾರೀಖು ನಾನು ವಾಷಿಂಗ್ಟನ್‌ಗೆ ಹೋದೆ. ನಿನ್ನ "ಬೇಡ" ಬಂದು ನಾಲ್ಕು ದಿನವಾಗಿತ್ತು. ಆದರೂ ನಿನ್ನ ಫೆಬ್ರವರಿಯ ಕಾಗದ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಹೆಸರು, ಊರು ಕತ್ತರಿಸಿ, ಬೇರೆ ಹಾಳೆಗೆ ಅಂಟಿಸಿ, ಓದಲು ತಯಾರು ಮಾಡಿಕೊಂಡೇ ಹೋಗಿದ್ದೆ. ನನ್ನ ಸರದಿ ಬಂತು. ಜೇಬಿಗೆ ಕೈ ಹಾಕಿದೆ. ಸಮಿತಿಯವನೊಬ್ಬ, "ನಿಮ್ಮತ್ರ ಏನಾದ್ರೂ ದಾಖಲೆ ಇದ್ಯಾ?" ಎಂದ. ಕಾಗದ ಬೆರಳಿಗೆ ಸಿಕ್ಕಿತ್ತು. ಇಲ್ಲ ಎಂದೆ. ಏನು ತಡೆಯಿತೋ ಇವತ್ತಿಗೂ ಗೊತ್ತಿಲ್ಲ. ನಿನ್ನ ಮೇಲಿನ ಪ್ರೀತಿಯೇ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡು ವಾರಕ್ಕೆ ನಿನ್ನ ತುಣುಕು ಬಂತು. ನಾನಲ್ಲ ಎಂದು ಬರೆಯಲು ಕೂತೆ. ಕತ್ತರಿಸಿದ ನಿನ್ನ ಹೆಸರಿನ ಚೂರು ಇನ್ನೂ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ನೋಡುತ್ತಾ ಆ ಮಾತು ಬರೆಯಲಾಗಲಿಲ್ಲ. ಅವತ್ತು ಬೇರೆ ಯಾರಾದರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ದರೆ ಓದಿಬಿಡುತ್ತಿದ್ದೆನೇನೋ.

ಡ್ವೇನ್ ಮೇಲೆ ನನಗೆ ಸಿಟ್ಟು ಬರಬೇಕು, ಬರುತ್ತಿಲ್ಲ. ನಾನು ಮಾಡಹೊರಟದ್ದನ್ನು ಅವನು ಮಾಡಿದ.

ನಮೂನೆ ಹಾಗೇ ಇಟ್ಟಿದ್ದೇನೆ. ನನಗೆ ನಲವತ್ತೊಂಬತ್ತು. ಆ ಕೆಲಸ ಹುಡುಗರದು.

ಎಮಿಲ್


ಆಶ್‌ಗ್ರೋವ್
18 ಜನವರಿ 1996

ಪ್ರಿಯ ಮಾರ್ಲಿಸ್,

ನಿನಗೆ ಹೇಳದೆ ನಮೂನೆ ತುಂಬಿ ಕಳಿಸಿದ್ದೆ. ಎರಡು ವರ್ಷ ಸದ್ದಿಲ್ಲ. ಸಾವಿರಾರು ಜನ ಹಾಕಿದ್ದಾರೆ, ಕರೆ ಬಂದದ್ದು ಬೆರಳೆಣಿಕೆಗೆ. ನನಗೆ ಬಂದಿದೆ. ಸೋಮವಾರ ಒಕ್ಲಹೋಮಕ್ಕೆ ಹೊರಡುತ್ತೇನೆ, ಮೊದಲಿಂದ ತರಬೇತಿ.

ಕಾರ್ಲೀನ್ ಹೇಳಿದಳು, "ಫೇಲಾದ್ರೆ ಬಾಯ್ಲರ್ ಇದ್ದೇ ಇದೆ, ಹೋಗು." ಮೊದಲಿನ ಯಂತ್ರ ಒಂದೂ ಈಗ ಇಲ್ಲವಂತೆ. ನನ್ನ ಕಣ್ಣಿಗೆ ಕನ್ನಡಕ ಬಂದಿದೆ. ಕಾರಿನ ಕೀಲಿ ಜೇಬಿಗೆ ಹಾಕಿಕೊಂಡವನೂ ಅರ್ಜಿ ಹಾಕಿದ್ದ, ಅವನಿಗೆ ಕರೆ ಬರಲಿಲ್ಲ. ಅವನೇ ಬಂದು ನನ್ನ ಕೈ ಕುಲುಕಿ ಹೋದ. ಕೈ ಬಿಗಿಯಾಗಿ ಹಿಡಿದಿದ್ದ, ಮುಖ ನೋಡಲಿಲ್ಲ.

ಪರದೆ ನನ್ನೊಬ್ಬನ ಕೈಗೆ ಬರುವವರೆಗೆ ನಿನಗೆ ಬರೆಯುವುದಿಲ್ಲ, ಫೇಲಾದರೆ ಬರೆಯುವುದೇ ಇಲ್ಲ. ಬರೆಯದಿದ್ದರೆ ಅರ್ಥಮಾಡಿಕೊ, ಕೇಳಬೇಡ.

ನಿನ್ನ ಎಮಿಲ್


ಹಾರ್ಲನ್ ಫೋರ್ಕ್ಸ್
8 ಏಪ್ರಿಲ್ 1997

ಪ್ರಿಯ ಎಮಿಲ್,

ಹದಿನೈದು ತಿಂಗಳು ನೀನು ಬರೆಯಲಿಲ್ಲ. ನಾನು ಅರ್ಥಮಾಡಿಕೊಂಡೆ, ಕೇಳಲಿಲ್ಲ. ಕ್ರಿಸ್‌ಮಸ್ ಕಾರ್ಡಿನಲ್ಲೂ ಬರೀ ಶುಭಾಶಯ ಬರೆದೆ. ನೀನು ಓಹಾಯೊದಲ್ಲಿ ಯಾರದೋ ಬೇಸ್‌ಮೆಂಟ್‌ನಲ್ಲಿ ಬಾಯ್ಲರ್ ಮುಂದೆ ಮಂಡಿಯೂರಿ ಕೂತಿದ್ದೀಯ ಎಂದುಕೊಂಡೇ ಇಷ್ಟು ದಿನ ಕಳೆದೆ.

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಸಂಪರ್ಕವನ್ನು ದುರಸ್ತಿಗೆಂದು ಎರಡು ಗಂಟೆ ನಿಲ್ಲಿಸಿದ್ದರು. ಅಂಥ ಹೊತ್ತಿನಲ್ಲಿ ಒಂದು ಕೇಂದ್ರದವರು ಇನ್ನೊಂದು ಕೇಂದ್ರಕ್ಕೆ ವಿಮಾನವನ್ನು ಬಾಯಿಮಾತಿನಲ್ಲೇ ಒಪ್ಪಿಸಬೇಕು. ಮಿನೆಸೋಟ ಕೇಂದ್ರದ ಲೈನಿನ ದೀಪ ಹತ್ತಿತು. ನಾನು ಎತ್ತಿಕೊಂಡೆ.

"ಉತ್ತರಕ್ಕೆ ಹತ್ತು ಮೈಲಿ, ಹನ್ನೊಂದು ಸಾವಿರ, ಇಳೀತಾ ಇದೆ" ಎಂದು ಒಂದು ದನಿ ಹೇಳಿತು.

ನನ್ನ ಕೈ ಚೀಟಿಯ ಮೇಲೆ ನಿಂತುಬಿಟ್ಟಿತು. ಪಕ್ಕದ ಸೀಟಿನವನು ನನ್ನ ಕಡೆ ನೋಡಿದ. ಆ ಲೈನಿನಲ್ಲಿ ಆಡಿದ ಪ್ರತಿ ಮಾತೂ ಟೇಪಿಗೆ ಹೋಗುತ್ತದೆ, ಕೆಲಸದ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ಕಂಡಿತು, ತಗೊಂಡೆ ಎಂದೆ. ಕೊನೆಯಲ್ಲಿ ಇಬ್ಬರೂ ತಮ್ಮ ಗುರುತಿನ ಎರಡೆರಡು ಅಕ್ಷರ ಹೇಳಬೇಕಲ್ಲ. ಸೇರಿದ ದಿನ, ಮದುವೆಗೆ ಮೊದಲು, ನಾನು ಬರೆಸಿದ ತವರಿನ ಹೆಸರಿನ ಅಕ್ಷರಗಳನ್ನು ಬದಲಿಸಿರಲಿಲ್ಲ. "ಎಂ.ಕೆ." ಎಂದೆ.

ಲೈನಿನಲ್ಲಿ ಸದ್ದಿಲ್ಲ. ಹದಿನಾರು ವರ್ಷದ ಹಿಂದೆ ನೀನು ಫೋನಿನಲ್ಲಿ ಕೇಳುತ್ತೆ ಅಂದ ಟಿಕ್ ಟಿಕ್ಕೂ ಇಲ್ಲ. ನೀನು ಗುರುತು ಹಿಡಿಯಲಿಲ್ಲವೇನೋ, ಅಥವಾ ನಾನೇ ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು.

"ಇ.ಕೆ." ಎಂದೆ ನೀನು.

ಅಲ್ಲಿಗೆ ಲೈನ್ ಬಿಡಬೇಕು. ನೀನು ಬಿಡಲಿಲ್ಲ. ನಾನೂ ಬಿಡಲಿಲ್ಲ. ಆಚೆ ನೀನು ಉಸಿರೆಳೆದುಕೊಂಡದ್ದು ಕೇಳಿಸಿತು. ಪರದೆಯ ಮೇಲೆ ನೀನು ಕೊಟ್ಟ ಚುಕ್ಕೆ ನನ್ನ ಕಡೆಗೆ ಬರುತ್ತಿತ್ತು.

"ಹಿಂದೇನೇ ಇನ್ನೊಂದಿದೆ" ಅಂದೆ ನೀನು.

ಕೊಡಿ ಅನ್ನುವುದು ನಮ್ಮ ಕೆಲಸದ ಪದ್ಧತಿ. ಟೇಪಿನಲ್ಲಿ ಏನು ದಾಖಲಾಯಿತೋ ಆಗಲಿ.

"ಕೊಡು" ಅಂದೆ ನಾನು.

ಮಾರ್ಲಿಸ್